ನಮ್ಮದೇ ದುಡ್ಡು, ಕಂಪೆನಿಯ ಜಾತ್ರೆ

ಕಳೆದ ವಾರ ಮಂಡಿಪೇಟೆಯ ಒಂದು ಬಣ್ಣದ ಅಂಗಡಿಯಲ್ಲಿ ಕುಳಿತಿದ್ದೆ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ, ಲಕ್ಷ್ಮಿಯ ಪಟದ ಪಕ್ಕದಲ್ಲಿಯೇ, ಕಂಪೆನಿಯವರು ಕಳುಹಿಸಿದ ಒಂದು ದೊಡ್ಡ ಕಾಗದ ಅಂಟಿಸಿದ್ದರು. ನೀಲಿ ಸಮುದ್ರ, ತಿರುಗುವ ಭೂಗೋಳ, ಬಾಯಿಂದ ನೀರು ಕಾರುವ ಸಿಂಹದ ತಲೆಯ ಮೀನು. ಗುರಿ ಮುಟ್ಟಿದ ವ್ಯಾಪಾರಿಗಳಿಗೆ ನಾಲ್ಕು ರಾತ್ರಿ, ಐದು ಹಗಲು ಸಿಂಗಾಪುರ ಯಾತ್ರೆ, ಸಂಪೂರ್ಣ ಉಚಿತ ಎಂದು ಅದರಲ್ಲಿ ಬರೆದಿತ್ತು.

"ಮೇಷ್ಟ್ರೇ, ಈ ಸಲ ಹೋಗೋದೇ. ಕಂಪೆನಿಯೋರೇ ಕರ್ಕೊಂಡು ಹೋಗ್ತಾರೆ. ನಮ್ಮ ಕೈಯಿಂದ ಒಂದು ಕಾಸೂ ಇಲ್ಲ" ಎಂದರು ಅಂಗಡಿಯ ಅಣ್ಣನವರು. ಒಳಗೆ ಗೋದಾಮಿನಲ್ಲಿ ಬಣ್ಣದ ಡ್ರಮ್ಮುಗಳು ಸೂರಿನವರೆಗೆ ಏರಿದ್ದವು. ನಡೆಯಲು ದಾರಿ ಇರಲಿಲ್ಲ.

ಒಂದು ಕಾಸೂ ಇಲ್ಲವೆ? ನಾನು ಮೆಟ್ರಿಕ್ ಪಾಸಾದವನು, ಹನ್ನೊಂದು ವರ್ಷ ಮಕ್ಕಳಿಗೆ ಬಡ್ಡಿ ಲೆಕ್ಕ ಹೇಳಿಕೊಟ್ಟವನು. ಅಲ್ಲಿಯೇ ಒಂದು ಹಳೆಯ ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ. ಗುರಿ ಮುಟ್ಟಲೆಂದು ವ್ಯಾಪಾರಿ ಬೇಡಿಕೆಗಿಂತ ಹತ್ತು ಲಕ್ಷ ರೂಪಾಯಿಯ ಮಾಲು ಹೆಚ್ಚಿಗೆ ಎತ್ತಿದ ಎಂದು ಹಿಡಿಯೋಣ. ದುಡ್ಡು ಬ್ಯಾಂಕಿನ ಓ.ಡಿ.ಯದು, ನೂರಕ್ಕೆ ಹನ್ನೆರಡರಂತೆ ಬಡ್ಡಿ ಹಾಕಿದರೂ ತಿಂಗಳಿಗೆ ಹತ್ತು ಸಾವಿರ. ಮಾಲು ಏಳು ತಿಂಗಳು ಗೋದಾಮಿನಲ್ಲಿ ಕುಳಿತರೆ ಎಪ್ಪತ್ತು ಸಾವಿರ. ಅಷ್ಟು ದುಡ್ಡು ಹಿಡಿದುಕೊಂಡು ಹೋದರೆ ಯಾವ ಯಾತ್ರಾ ಏಜೆಂಟನೂ ಅಣ್ಣನವರಿಗೆ ತಾನೇ ಸಿಂಗಾಪುರ ತೋರಿಸಿಯಾನು! ಕಂಪೆನಿಗೆ ಕೈಮುಗಿಯುವ ಅಗತ್ಯವೇ ಇರಲಿಲ್ಲ.

ಇದು ಬಡ್ಡಿ ಮಾತ್ರ. ಮಾರ್ಚ್ ತಿಂಗಳು ಬಂತೆಂದರೆ ಇನ್ನೊಂದು ಆಟ ಶುರುವಾಗುತ್ತದೆ. ಗುರಿಗೆ ಇನ್ನೂ ಎರಡು ಲಕ್ಷ ಕಡಿಮೆ ಬಿದ್ದಿದೆ. ಮಾಲು ಖಾಲಿಯಾಗದೆ ಹೊಸ ಬಿಲ್ಲು ಹಾಕಿಸುವಂತಿಲ್ಲ. ಆಗ ವ್ಯಾಪಾರಿ ಕೊಂಡ ಬೆಲೆಗೇ, ಕೆಲವು ಸಲ ಅದಕ್ಕಿಂತಲೂ ಕೆಳಗೆ, ಮಾಲು ತಳ್ಳುತ್ತಾನೆ. ಪಕ್ಕದ ಬೀದಿಯ ಚಿಕ್ಕ ಅಂಗಡಿಯವನಿಗೆ ಯಾತ್ರೆಯೂ ಇಲ್ಲ, ಕಂಪೆನಿಯ ರಿಯಾಯಿತಿಯೂ ಇಲ್ಲ. ಅವನು ಆ ದರಕ್ಕೆ ಮಾರಲಾರದೆ ಕದ ಹಾಕುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಶತ್ರುಗಳೆಂದು ತಿಳಿದಿದ್ದಾರೆ. ಇಬ್ಬರ ನಡುವೆ ಜಗಳ ಹಚ್ಚಿದ ಕಂಪೆನಿ ಮಾತ್ರ ಎಲ್ಲಿಯೋ ಇದ್ದು ವರ್ಷದ ಮಾರಾಟ ಏರಿತೆಂದು ಷೇರುದಾರರಿಗೆ ವರದಿ ಒಪ್ಪಿಸುತ್ತದೆ.

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ಇಲ್ಲಿ ಗಾದೆ ತಿರುಗಿ ನಿಂತಿದೆ. ದುಡ್ಡು ನಮ್ಮದು, ಜಾತ್ರೆ ಕಂಪೆನಿಯದು. ಸರ್ಕಾರಕ್ಕೂ ಇದು ಗೊತ್ತು. 2022ರ ಜುಲೈ 1ರಿಂದ ಬಂದ ನಿಯಮದ ಪ್ರಕಾರ, ವ್ಯಾಪಾರದ ಸಂಬಂಧದಲ್ಲಿ ಹೀಗೆ ಕೊಡುವ ಸೌಲಭ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ನೂರಕ್ಕೆ ಹತ್ತರಂತೆ ತೆರಿಗೆ ಹಿಡಿಯಬೇಕು. ಕಂಪೆನಿ ಯಾವುದನ್ನು ಉಚಿತವೆಂದು ಕರೆಯುತ್ತದೆಯೋ ಅದನ್ನೇ ತೆರಿಗೆ ಇಲಾಖೆ ನಿಮ್ಮ ಸಂಪಾದನೆಯೆಂದು ಕರೆಯುತ್ತದೆ. ಇಲಾಖೆಯ ಮಾತೇ ನಿಜ. ಅದು ನಿಮ್ಮ ಸಂಪಾದನೆ. ಕೈಗೆ ನಗದಾಗಿ ಬರಬೇಕಾದದ್ದು ವಿಮಾನದ ಚೀಟಿಯಾಗಿ ಬಂತು, ಅಷ್ಟೆ.

ಇನ್ನು ಆ ಯಾತ್ರೆಯಲ್ಲಿ ತೋರಿಸುವುದಾದರೂ ಏನು? ನಾನು ಸಿಂಗಾಪುರಕ್ಕೆ ಹೋದವನಲ್ಲ. ಕಂಪೆನಿ ಕೊಟ್ಟ ಕಾರ್ಯಕ್ರಮದ ಪಟ್ಟಿ ಓದಿದ್ದೇನೆ, ಹೋಗಿ ಬಂದ ಇಬ್ಬರನ್ನು ವಿಚಾರಿಸಿದ್ದೇನೆ, ಉಳಿದದ್ದನ್ನು ಮೇಷ್ಟ್ರ ಹಳೆಯ ಚಾಳಿಯಂತೆ ಪುಸ್ತಕ ತೆಗೆದು ನೋಡಿದ್ದೇನೆ.

ಮೊದಲ ದಿನ ನೀರು ಕಾರುವ ಸಿಂಹಮೀನು. ಇದು ಆ ನಾಡಿನ ಪ್ರಾಚೀನ ದೇವತೆ ಎಂದು ನಮ್ಮವರು ತಿಳಿದು ಭಕ್ತಿಯಿಂದ ಫೋಟೋ ತೆಗೆಸಿಕೊಂಡು ಬಂದಿದ್ದಾರೆ. ಆ ಪ್ರಾಣಿ ಹುಟ್ಟಿದ್ದು 1964ರಲ್ಲಿ, ಪ್ರವಾಸೋದ್ಯಮ ಮಂಡಲಿಯ ಗುರುತಿನ ಚಿಹ್ನೆಯಾಗಿ. ವಿಗ್ರಹ ನಿಂತದ್ದು 1972ರಲ್ಲಿ. ನಮ್ಮ ಅನೇಕ ಓದುಗರು ಅದಕ್ಕಿಂತ ವಯಸ್ಸಿನಲ್ಲಿ ಹಿರಿಯರು!

ಎರಡನೆಯ ದಿನ ಸೆಂಟೋಸಾ ದ್ವೀಪ, ಅಲ್ಲಿ 2010ರಲ್ಲಿ ತೆರೆದ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಮೋಜಿನ ಉದ್ಯಾನ. ಒಳಗೆ ಒಂದು ನ್ಯೂಯಾರ್ಕ್ ಬೀದಿ ಇದೆ, ಒಂದು ಹಾಲಿವುಡ್ ಇದೆ, ಒಂದು ಪುರಾತನ ಈಜಿಪ್ಟ್ ಕೂಡ ಇದೆ. ಅಂದರೆ ನಮ್ಮ ಅಣ್ಣನವರು ಸಮುದ್ರ ದಾಟಿ ಸಿಂಗಾಪುರಕ್ಕೆ ಹೋಗಿ, ಅಲ್ಲಿ ಸುಳ್ಳು ನ್ಯೂಯಾರ್ಕನ್ನೂ ಸುಳ್ಳು ಈಜಿಪ್ಟನ್ನೂ ನೋಡಿ ಬರುತ್ತಾರೆ. ಬಣ್ಣ ಮಾರುವವನಿಗೆ ಬಣ್ಣ ಬಳಿದ ಗೋಡೆ ತೋರಿಸಿ ಕಳುಹಿಸಿದ ಹಾಗಾಯಿತು. ಅದೇ ಆವರಣದಲ್ಲಿ, ಅದೇ ಮಾಲೀಕರ ಕೈಯಲ್ಲಿ, ಜೂಜಿನ ಮನೆಯೂ ಇದೆ. ಸಿಂಗಾಪುರದ ಪ್ರಜೆ ಅದರೊಳಗೆ ಕಾಲಿಡಬೇಕಾದರೆ ಸರ್ಕಾರಕ್ಕೆ ಪ್ರವೇಶ ತೆರಿಗೆ ಕಟ್ಟಬೇಕು. ಮೊದಲು ದಿನಕ್ಕೆ 100 ಡಾಲರ್ ಇತ್ತು, 2019ರಲ್ಲಿ 150 ಆಯಿತು. ಪರದೇಶಿಗೆ ತೆರಿಗೆ ಇಲ್ಲ. ಪಾಸ್‌ಪೋರ್ಟು ತೋರಿಸಿದರೆ ಬಾಗಿಲು ತೆರೆಯುತ್ತದೆ. ತನ್ನ ಜನ ಹಾಳಾಗಬಾರದು, ಪರರು ಹಾಳಾದರೆ ಬೊಕ್ಕಸಕ್ಕೆ ಲಾಭ ಎಂಬ ನೀತಿ. ಯಾವ ವ್ಯಾಪಾರಿ ಅಲ್ಲಿ ಎಷ್ಟು ಕಳೆದುಕೊಂಡ ಎಂಬುದು ಯಾತ್ರೆಯ ಫೋಟೋಗಳಲ್ಲಿ ಬರುವುದಿಲ್ಲ.

ಆ ದ್ವೀಪದ ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಸೆಂಟೋಸಾ ಎಂದರೆ ಮಲಯ ಭಾಷೆಯಲ್ಲಿ ಶಾಂತಿ, ನೆಮ್ಮದಿ. ಈ ಹೆಸರು ಇಟ್ಟದ್ದು 1972ರಲ್ಲಿ, ಪ್ರವಾಸಿಗಳಿಗೋಸ್ಕರ. ಹಿಂದೆ ಅದರ ಹೆಸರು ಪುಲಾವ್ ಬ್ಲಾಕಾಂಗ್ ಮಾತಿ. ಬೆನ್ನ ಹಿಂದೆ ಸಾವು ಎಂಬಂಥ ಅರ್ಥ. ಅಂಥ ದ್ವೀಪದಲ್ಲಿ ನಮ್ಮಂಥವನೇ ಒಬ್ಬನನ್ನು ಕೂಡಿಹಾಕಿದ್ದರು.

ಅವನ ಹೆಸರು ಚಿಯಾ ತೈ ಪೋ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು, ಬಾರಿಸಾನ್ ಸೋಷಿಯಾಲಿಸ್ ಎಂಬ ಸಮಾಜವಾದಿ ಪಕ್ಷದಿಂದ 1963ರಲ್ಲಿ ಶಾಸನಸಭೆಗೆ ಗೆದ್ದವನು. 1966ರ ಅಕ್ಟೋಬರಿನಲ್ಲಿ ಆಂತರಿಕ ಭದ್ರತಾ ಕಾನೂನಿನಡಿ ಅವನನ್ನು ಹಿಡಿದರು. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ, ತೀರ್ಪು ಇಲ್ಲ. ಹಿಂಸಾಮಾರ್ಗವನ್ನು ಬಿಟ್ಟೆನೆಂದು ಬರೆದುಕೊಟ್ಟರೆ ಬಿಡುತ್ತೇವೆ ಎಂದರು. ನಾನು ಹಿಡಿಯದೇ ಇದ್ದ ಮಾರ್ಗವನ್ನು ಬಿಟ್ಟೆನೆಂದು ಹೇಗೆ ಬರೆಯಲಿ ಎಂಬುದು ಅವನ ನಿಲುವು. ಬರೆಯಲಿಲ್ಲ. ಇಪ್ಪತ್ತೆರಡು ವರ್ಷ ಮೀರಿ ಕೂಡಿಹಾಕಿದರು. 1989ರಲ್ಲಿ ಜೈಲಿನಿಂದ ಹೊರಗೆ ತಂದು ಬಿಟ್ಟದ್ದೆಲ್ಲಿ? ಸೆಂಟೋಸಾ ದ್ವೀಪದ ಒಂದು ಕಾವಲುಗಾರರ ಕೋಣೆಯಲ್ಲಿ! ಸುತ್ತ ಪ್ರವಾಸಿಗಳು ನಗುತ್ತ, ಐಸ್‌ಕ್ರೀಮ್ ತಿನ್ನುತ್ತ ಓಡಾಡುವ ದ್ವೀಪದಲ್ಲಿ, ಒಬ್ಬ ಚುನಾಯಿತ ಪ್ರತಿನಿಧಿ ಒಂದು ಕೋಣೆಯ ವಾಸಿ. ನೀನೀಗ ಸೆರೆಯಾಳಲ್ಲ, ಆದ್ದರಿಂದ ಬಾಡಿಗೆ ನಿನ್ನದೇ ಎಂದು ಬೇರೆ ಹೇಳಿದರು. 1992ರಲ್ಲಿ ಮನೆಗೆ ಹೋಗಲು ಬಿಟ್ಟರು. ಎಲ್ಲ ನಿರ್ಬಂಧಗಳೂ ತೀರಿದ್ದು 1998ರಲ್ಲಿ.

ಕಂಪೆನಿಯ ಪಟ್ಟಿಯಲ್ಲಿ ಸೆಂಟೋಸಾಕ್ಕೆ ಒಂದು ಇಡೀ ದಿನ ಇಟ್ಟಿದ್ದಾರೆ. ಆ ಕೋಣೆಯ ವಿಷಯ ಒಂದು ಸಾಲು ಇಲ್ಲ.

ಮೂರನೆಯ ದಿನ 'ಸಾಂಸ್ಕೃತಿಕ ದರ್ಶನ'. ಚೀನಾ ಪೇಟೆ, ಅದರೊಳಗೆ 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿ, ಆಮೇಲೆ ಸೆರಂಗೂನ್ ರಸ್ತೆಯ ಲಿಟ್ಲ್ ಇಂಡಿಯಾ. ಅಲ್ಲಿ ಮಲ್ಲಿಗೆ ಹೂವು, ದೋಸೆ, ಬೆಳ್ಳಿ ಕಾಲುಂಗುರ. ನಮ್ಮವರು ದೋಸೆ ತಿಂದು, ಊರಿನ ರುಚಿ ಬರಲಿಲ್ಲ ಎಂದು ಹೇಳಿ ಬಸ್ಸು ಹತ್ತುತ್ತಾರೆ. ಭಾನುವಾರ ಸಂಜೆ ಅದೇ ರಸ್ತೆಯಲ್ಲಿ ಸಾವಿರಾರು ಕೂಲಿಗಳು ಸೇರುತ್ತಾರೆ, ತಮಿಳುನಾಡಿನವರು, ಬಾಂಗ್ಲಾದೇಶದವರು. ಪ್ರವಾಸಿಗೆ ಅದು ಸಂಸ್ಕೃತಿ. ಅವರಿಗೆ ವಾರದ ಸಂತೆ, ಊರಿಗೆ ಹಣ ಕಳುಹಿಸುವ ಜಾಗ. ಏಜೆಂಟನಿಗೆ ಕೊಡಲು ಒಡವೆ ಅಡವಿಟ್ಟು ಬಂದವರು ಅವರಲ್ಲಿ ಬಹಳ. ಆ ದೇಶದಲ್ಲಿ ಎಲ್ಲರಿಗೂ ಅನ್ವಯಿಸುವ ಕನಿಷ್ಠ ಕೂಲಿಯ ಕಾನೂನಿಲ್ಲ. ಅವರನ್ನು ಕೆಲಸಕ್ಕೆ ಲಾರಿಯ ಹಿಂಬದಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಇದನ್ನು ನಿಲ್ಲಿಸಬೇಕೆಂದು 2023ರಲ್ಲಿ ಕೂಗು ಎದ್ದಾಗ ಸರ್ಕಾರ ಒಪ್ಪಲಿಲ್ಲ.

2013ರ ಡಿಸೆಂಬರ್ 8ರ ಭಾನುವಾರ ರಾತ್ರಿ ಅಲ್ಲಿ ಕೂಲಿಗಳನ್ನು ವಸತಿಗೆ ಒಯ್ಯುವ ಬಸ್ಸಿನಡಿ ಒಬ್ಬ ಭಾರತೀಯ ಕಟ್ಟಡ ಕಾರ್ಮಿಕ ಸಿಕ್ಕಿ ಸತ್ತ. ಜನ ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಇಟ್ಟರು. ಬೆಂಕಿ ಇಟ್ಟದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಐವತ್ತಕ್ಕೂ ಹೆಚ್ಚು ಜನರನ್ನು ನ್ಯಾಯಾಲಯಕ್ಕೆ ಒಯ್ಯದೆಯೇ ದೇಶದಿಂದ ಹೊರಗೆ ಹಾಕಿದರು. ಮಾಡಿದ ಸಾಲ ಊರಿನಲ್ಲಿ ಕಾದು ಕುಳಿತಿರುವಾಗ ಮನುಷ್ಯ ಬರಿಗೈಯಲ್ಲಿ ವಿಮಾನ ಇಳಿಯುವುದೆಂದರೆ ಏನು ಎಂಬುದನ್ನು ನಮ್ಮ ಗಿರಣಿ ಬಂಧುಗಳಿಗೆ ವಿವರಿಸಬೇಕಿಲ್ಲ. 2020ರ ಕೊರೊನಾ ಕಾಲದಲ್ಲಿಯೂ ಅವರನ್ನು ವಸತಿಗಳಲ್ಲಿ ಕೂಡಿಹಾಕಿದರು. ಅಲ್ಲಿದ್ದ ಸುಮಾರು 3,23,000 ಜನರ ಪೈಕಿ ವರ್ಷದ ಕೊನೆಯ ಹೊತ್ತಿಗೆ ನೂರಕ್ಕೆ 47 ಮಂದಿಗೆ ಸೋಂಕು ತಗುಲಿತ್ತು. ಅವರನ್ನು ಲಿಟ್ಲ್ ಇಂಡಿಯಾಕ್ಕೆ ಸಣ್ಣ ಸಣ್ಣ ಗುಂಪುಗಳಲ್ಲಿ ಬಿಡಲು ಶುರುಮಾಡಿದ್ದು 2021ರ ಸೆಪ್ಟೆಂಬರಿನಲ್ಲಿ.

ಹಳೆಯ ಕಾಲವೂ ಹೀಗೆಯೇ. 1825ರಿಂದ ಬ್ರಿಟಿಷರು ಭಾರತದ ಕೈದಿಗಳನ್ನು ಅಲ್ಲಿಗೆ ಸಾಗಿಸಿ ರಸ್ತೆ ಹಾಕಿಸಿದರು. ಇಂದು ಪ್ರವಾಸಿಗಳು ತಲೆಯೆತ್ತಿ ನೋಡುವ ಸೇಂಟ್ ಆಂಡ್ರ್ಯೂಸ್ ಚರ್ಚು ಆ ಕೈದಿಗಳ ದುಡಿಮೆಯದು. 1915ರಲ್ಲಿ ದಂಗೆ ಎದ್ದ ಭಾರತೀಯ ಸಿಪಾಯಿಗಳ ಪೈಕಿ 47 ಮಂದಿಯನ್ನು ಔಟ್ರಂ ರಸ್ತೆಯ ಜೈಲಿನ ಗೋಡೆಗೆ ನಿಲ್ಲಿಸಿ, ಜನರ ಎದುರಿಗೇ ಗುಂಡಿಟ್ಟರು. ನೇತಾಜಿ 1943ರ ಅಕ್ಟೋಬರ್ 21ರಂದು ಆಜಾದ್ ಹಿಂದ್ ಸರ್ಕಾರವನ್ನು ಸಾರಿದ್ದು ಇದೇ ಊರಿನಲ್ಲಿ. ಐ.ಎನ್.ಎ. ಸೈನಿಕರ ಸ್ಮಾರಕವನ್ನು 1945ರಲ್ಲಿ ಮರಳಿ ಬಂದ ಬ್ರಿಟಿಷರು ಒಡೆದು ಹಾಕಿದರು; ಆ ಜಾಗದಲ್ಲಿ 1995ರಲ್ಲಿ ಒಂದು ಗುರುತಿನ ಫಲಕ ನಿಂತಿದೆ. ಸಿಂಹಮೀನಿನಿಂದ ನಡೆದುಹೋಗುವಷ್ಟು ಹತ್ತಿರ. ಹೋಗಿ ಬಂದ ಇಬ್ಬರನ್ನೂ ಕೇಳಿದೆ, ಇಬ್ಬರಿಗೂ ಗೊತ್ತಿಲ್ಲ.

"ಆದರೆ ಮೇಷ್ಟ್ರೇ, ಎಂಥಾ ಸ್ವಚ್ಛ! ರಸ್ತೆ ಮೇಲೆ ಊಟ ಬಡಿಸಿಕೊಂಡು ಉಣ್ಣಬಹುದು!" ಎಂದರು ಅವರಲ್ಲಿ ಒಬ್ಬರು. ಒಪ್ಪಿದೆ. ಅದಕ್ಕಿಂತ ದೊಡ್ಡದೊಂದು ಅಲ್ಲಿ ಇದೆ, ಅದನ್ನೂ ಇವರಿಗೆ ತೋರಿಸಲಿಲ್ಲ. 1960ರಲ್ಲಿ ಅಲ್ಲಿನ ಸರ್ಕಾರ ಗೃಹಮಂಡಲಿ ಸ್ಥಾಪಿಸಿತು. ಇಂದು ಆ ದೇಶದ ನಿವಾಸಿಗಳಲ್ಲಿ ನೂರಕ್ಕೆ ಹೆಚ್ಚುಕಡಿಮೆ ಎಂಬತ್ತು ಮಂದಿ ಸರ್ಕಾರ ಕಟ್ಟಿದ ಮನೆಗಳಲ್ಲಿಯೇ ಇದ್ದಾರೆ. ಬಾಡಿಗೆ ವಠಾರದಲ್ಲಿ ನೀರಿನ ಸರದಿಗೆ ಕಾಯುವ ನಮ್ಮ ಕಾರ್ಮಿಕರು ನೋಡಬೇಕಾದ ದರ್ಶನ ಅದು. ಆ ಆಳುವ ಪಕ್ಷ ಒಂದು ಕಾಲಕ್ಕೆ ಸಮಾಜವಾದಿಗಳ ಅಂತರರಾಷ್ಟ್ರೀಯ ಸಂಘದ ಸದಸ್ಯನಾಗಿತ್ತು ಎಂಬುದನ್ನೂ ಹೇಳಬೇಕು. ವಿಚಾರಣೆಯಿಲ್ಲದೆ ಜನರನ್ನು ಜೈಲಿನಲ್ಲಿಟ್ಟ ಆರೋಪದ ಮೇಲೆ ಹೊರಗೆ ಹಾಕುವ ಮಾತು ಬಂದಾಗ 1976ರಲ್ಲಿ ತಾನೇ ಹೊರನಡೆಯಿತು. ಮನೆ ಕೊಟ್ಟೆ, ಆದ್ದರಿಂದ ಬಾಯಿ ಮುಚ್ಚು ಎಂಬುದು ಸಮಾಜವಾದವಲ್ಲ. ನಮ್ಮಲ್ಲಿಯಾದರೋ ಮನೆಯನ್ನೂ ಕೊಡುವುದಿಲ್ಲ.

ಈ ಮಾತು ಓದಿ, ಇವನಿಗೆ ಯಾರೂ ಸಂತೋಷಪಡಬಾರದು ಎನ್ನುವ ರೋಗ ಎಂದು ಕೆಲವರು ಹೇಳಿಯಾರು. ಇಲ್ಲ, ಸ್ವಾಮಿ. ಮನುಷ್ಯ ಸುತ್ತಬೇಕು, ಸಮುದ್ರ ನೋಡಬೇಕು, ಮಕ್ಕಳನ್ನು ತಿರುಗುವ ತೊಟ್ಟಿಲಲ್ಲಿ ಕೂರಿಸಿ ತಾನೂ ಕೂರಬೇಕು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ಗೆದ್ದರು. ಸಮಾಜವಾದಿಗಳ ಮುಂದಾಳುತನದ ಸರ್ಕಾರ ಅವರಿಗೆ ರೈಲು ದರದಲ್ಲಿ ನೂರಕ್ಕೆ ನಲವತ್ತು ರಿಯಾಯಿತಿ ಕೊಟ್ಟಿತು. ಜೀವಮಾನದಲ್ಲಿ ಸಮುದ್ರ ಕಾಣದಿದ್ದ ಕೂಲಿಗಳು ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋದರು. ಅದು ಯಾವ ಮಾಲೀಕನ ಬಹುಮಾನವೂ ಆಗಿರಲಿಲ್ಲ. ಹಕ್ಕಾಗಿತ್ತು.

ನಮ್ಮಲ್ಲಿಯೂ 1948ರ ಕಾರ್ಖಾನೆ ಕಾಯಿದೆಯಲ್ಲಿ ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳಸಹಿತ ರಜೆ ಎಂದು ಬರೆದಿತ್ತು. ಆದರೆ ವರ್ಷದಲ್ಲಿ 240 ದಿನ ತುಂಬಿರಬೇಕು. ತುಂಬುವ ಮೊದಲೇ ಗುತ್ತಿಗೆದಾರ ಹೆಸರು ಹೊಡೆದು ಹೊಸ ಚೀಟಿ ಕೊಟ್ಟ ಕಥೆ ಎಷ್ಟು ಕೇಳಿಲ್ಲ! 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 180 ದಿನಕ್ಕೆ ಇಳಿದಿದೆ. ಗಿರಣಿ ಬಂಧುಗಳು ಈಗಲೇ ಹಾಜರಿ ಪುಸ್ತಕದ ನಕಲು ಕೇಳಿ ಇಟ್ಟುಕೊಳ್ಳಿ. ಕೇಳಲು ಅಂಜಿಕೆಯಾದರೆ ನಮ್ಮ ಕಚೇರಿಗೆ ಬನ್ನಿ, ಅರ್ಜಿ ಬರೆದುಕೊಡುತ್ತೇನೆ.

ವ್ಯಾಪಾರಿ ಬಂಧುಗಳಿಗೆ ನನ್ನ ವಿನಂತಿ ಬೇರೆ. ಯಾತ್ರೆ ಬೇಡವೆಂದು ಒಬ್ಬೊಬ್ಬರೇ ಹೇಳಿದರೆ ಕಂಪೆನಿಯ ಪ್ರತಿನಿಧಿ ನಕ್ಕು ಪಕ್ಕದ ಅಂಗಡಿಗೆ ಹೋಗುತ್ತಾನೆ. ಇಡೀ ಪೇಟೆಯ ಬಣ್ಣ, ಪೈಪು, ಗೊಬ್ಬರ, ಸಿಮೆಂಟಿನ ಅಂಗಡಿಯವರು ಕೂಡಿ, ಯಾತ್ರೆಗೆ ಹಾಕುವ ದುಡ್ಡನ್ನು ಚಿಕ್ಕವನಿಗೂ ದೊಡ್ಡವನಿಗೂ ಸಮನಾಗಿ ಬಿಲ್ಲಿನಲ್ಲಿಯೇ ಇಳಿಸಿ ಕೊಡಿ, ಉಳಿದ ಮಾಲನ್ನು ವಾಪಸು ತೆಗೆದುಕೊಳ್ಳಿ ಎಂದು ಬರಹದಲ್ಲಿ ಕೇಳಬೇಕು. ಹಾಗೆ ಬಂದ ದುಡ್ಡಿನಲ್ಲಿ ಸಿಂಗಾಪುರಕ್ಕೇ ಹೋಗಿ, ಯಾರು ಬೇಡ ಎನ್ನುತ್ತಾರೆ? ಹೋದಾಗ ಆ ಡ್ರಮ್ಮುಗಳನ್ನು ಹೊತ್ತ ಹಮಾಲಿಗೂ ಅಂಗಡಿಯ ಹುಡುಗನಿಗೂ ನಾಲ್ಕು ದಿನ ಸಂಬಳದ ರಜೆ ಕೊಟ್ಟು ಹೋಗಿ.

ಲೆಕ್ಕ ಬರೆದ ಆ ಬಿಲ್ಲನ್ನು ಅಂಗಡಿಯ ಅಣ್ಣನವರ ಕೈಗೇ ಕೊಟ್ಟು ಬಂದೆ. ಅವರು ಎರಡು ಸಲ ಓದಿ ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರು, ಏನೂ ಹೇಳಲಿಲ್ಲ. ಗುರಿಗೆ ಇನ್ನೂ ಒಂದು ಲಕ್ಷ ಎಂಬತ್ತು ಸಾವಿರ ಬಾಕಿ ಇದೆಯಂತೆ.