ಮನೆಮನೆಗೆ ಫೈಬರ್: ನೈಜ ವೆಚ್ಚದ ಅಂದಾಜು ಪಟ್ಟಿಗಾಗಿ ಮನವಿ

ಇವರಿಗೆ,
ಮಾನ್ಯ ಆಡಳಿತಾಧಿಕಾರಿಗಳು,
ಡಿಜಿಟಲ್ ಭಾರತ್ ನಿಧಿ, ದೂರಸಂಪರ್ಕ ಇಲಾಖೆ, ನವದೆಹಲಿ

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ

ಇವರಿಂದ: ಸಿದ್ದಾಪುರ ತಾಲ್ಲೂಕಿನ ಗ್ರಾಮಸ್ಥರು

ವಿಷಯ: ಭಾರತ್‌ನೆಟ್ ಯೋಜನೆಯ ಮನೆ ಸಂಪರ್ಕಗಳಿಗೆ ಮಜಿರೆವಾರು ವೆಚ್ಚದ ಅಂದಾಜು ತಯಾರಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸುವುದೇನೆಂದರೆ, 2011ರಲ್ಲಿ ಮಂಜೂರಾದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ (ಇಂದಿನ ಭಾರತ್‌ನೆಟ್) ಗುರಿ ಗ್ರಾಮ ಪಂಚಾಯಿತಿವರೆಗೆ ಕೇಬಲ್ ತಲುಪಿಸುವುದಾಗಿತ್ತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆಗೆ 1,39,579 ಕೋಟಿ ರೂಪಾಯಿ ನಿಗದಿಯಾಗಿದ್ದು, 1.5 ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಕೊಡುವ ಉದ್ದೇಶವಿದೆ. ಭಾಗಿಸಿದರೆ ಮನೆಗೆ ಸುಮಾರು 93,000 ರೂಪಾಯಿ ಬರುತ್ತದೆ. ಆದರೆ ಈ ಮೊತ್ತದಲ್ಲಿ ಪಂಚಾಯಿತಿಗಳನ್ನು ಬೆಸೆಯುವ ರಿಂಗ್ ಜಾಲವೂ ವರ್ಷಗಟ್ಟಲೆಯ ನಿರ್ವಹಣೆಯೂ ಸೇರಿರುವುದರಿಂದ, ಅದು ಯಾವ ಮನೆಯ ನಿಜವಾದ ಖರ್ಚೂ ಅಲ್ಲ.

ನಮ್ಮಲ್ಲಿ ಮನೆಗಳು ಸಾಲಾಗಿಲ್ಲ; ತೋಟದ ತಲೆಯಲ್ಲೊಂದು, ಗುಡ್ಡದಾಚೆ ಇನ್ನೊಂದು. ಜಂಬಿಟ್ಟಿಗೆ ನೆಲದಲ್ಲಿ ಕೇಬಲ್‌ನ ಬೆಲೆಗಿಂತ ಅಗೆತದ ಖರ್ಚೇ ಹೆಚ್ಚು. ಕಂಬದ ಮೇಲೆ ಎಳೆದರೆ ಆರಂಭದಲ್ಲಿ ಅಗ್ಗ, ಆದರೆ ಮಳೆಗಾಲದಲ್ಲಿ ಮರ ಬಿದ್ದಾಗಲೆಲ್ಲ ದುರಸ್ತಿ. ಸಾಮಾನ್ಯವಾಗಿ ಸ್ಪ್ಲಿಟರ್ ಮೂಲಕ 32 ಮನೆಗಳಿಗೆ ಹಂಚುವ ಒಂದು ಫೈಬರ್ ಪೋರ್ಟ್ ಇಲ್ಲಿ ಅರ್ಧವೂ ತುಂಬದಿರಬಹುದು. ಒಂದು ಮಾರ್ಗದಲ್ಲಿ 40 ಮನೆಗಳಿದ್ದು 10 ಮನೆಯವರಷ್ಟೇ ಸಂಪರ್ಕ ಪಡೆದರೆ, ತಲಾ ಮಾರ್ಗವೆಚ್ಚ ನಾಲ್ಕು ಪಟ್ಟಾಗುತ್ತದೆ. ಇವನ್ನು ಬಿಟ್ಟು ಕಡಿಮೆ ತೋರಿಸಿದ ಅಂದಾಜಿನ ಮೇಲೆ ಟೆಂಡರ್ ಕರೆದರೆ ಕೆಲಸ ಮುಖ್ಯರಸ್ತೆಯ ಮನೆಗಳಿಗೇ ಮುಗಿಯುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಸ್ಥಳ ಸಮೀಕ್ಷೆ ನಡೆಸಿ, ಅಗೆತ, ಕಂಬ, ಕೇಬಲ್, ಸ್ಪ್ಲಿಟರ್, ಮನೆಯೊಳಗಿನ ಮೋಡೆಮ್ ಇವುಗಳ ದರವನ್ನು ಮಜಿರೆವಾರು ಬೇರೆ ಬೇರೆ ತೋರಿಸಬೇಕು.

2. ಮಾರ್ಗದಲ್ಲಿರುವ ಮನೆಗೆ ಎಷ್ಟು, ಸಂಪರ್ಕ ಪಡೆದ ಮನೆಗೆ ಎಷ್ಟು ಎಂಬ ಎರಡೂ ಲೆಕ್ಕ ಕೊಡಬೇಕು; ಶೇ. 25, 50 ಮತ್ತು 75ರಷ್ಟು ಮನೆಯವರು ಸೇರಿದರೆ ತಲಾ ವೆಚ್ಚ ಎಷ್ಟೆಂದು ತಿಳಿಸಬೇಕು.

3. ನೆಲದಡಿಯ ಮತ್ತು ಕಂಬದ ಮಾರ್ಗಗಳನ್ನು ಹೋಲಿಸುವಾಗ ಹತ್ತು ವರ್ಷಗಳ ದುರಸ್ತಿ, ವಿದ್ಯುತ್, ಬ್ಯಾಟರಿ ಹಾಗೂ ಲೈನ್‌ಮನ್ ಸಂಬಳವನ್ನೂ ಸೇರಿಸಬೇಕು.

4. ರಸ್ತೆ ಅಥವಾ ಕುಡಿಯುವ ನೀರಿನ ಪೈಪಿಗಾಗಿ ಅಗೆಯುವಾಗಲೇ ಕೇಬಲ್‌ಗೆ ಖಾಲಿ ಪೈಪ್ ಹಾಕಿಸಬೇಕು. ಅರಣ್ಯ ಅನುಮತಿ ಮತ್ತು ರಸ್ತೆ ಮರುದುರಸ್ತಿಯ ಶುಲ್ಕ ಪಟ್ಟಿಯಲ್ಲಿರಬೇಕು.

5. ಟೆಂಡರ್‌ಗೆ ಮೊದಲು ಅಂದಾಜು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ಆಕ್ಷೇಪಣೆ ಆಲಿಸಬೇಕು.

ಮೊತ್ತ ದೊಡ್ಡದಾಗಿ ಕಂಡರೂ ನಮಗೆ ಅಭ್ಯಂತರವಿಲ್ಲ. ಖರ್ಚು ಗೊತ್ತಿದ್ದರೆ ಸಹಾಯಧನ ಎಷ್ಟು, ಮನೆಯವರ ಪಾಲು ಎಷ್ಟು ಎಂಬುದನ್ನು ಚರ್ಚಿಸಬಹುದು. ಮುಂದಿನ ಮಳೆಗಾಲದೊಳಗೆ ಸಮೀಕ್ಷೆ ಮುಗಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು
(ಗ್ರಾಮಸ್ಥರ ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ಸಿದ್ದಾಪುರ

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಕಾರವಾರ