‘ಹಳೇದಾಯ್ತು, ಬಿಸಾಕಿ’ ಎನ್ನುವವರ ಲೆಕ್ಕ

ಕಳೆದ ತಿಂಗಳು ಮೈಸೂರಿನ ಮನೆಯಲ್ಲಿ ಅಮ್ಮನ ಬಚ್ಚಲಿನ ಗೀಸರ್ ಕೈಕೊಟ್ಟಿತು. 15 ಲೀಟರಿನದು, 2011ರಲ್ಲಿ ಅಪ್ಪ ತಂದದ್ದು. ಕಂಪನಿಯಿಂದ ಸರ್ವೀಸ್ ಹುಡುಗ ಬಂದ. ಕವರ್ ಬಿಚ್ಚಲಿಲ್ಲ, ಟೆಸ್ಟರ್ ಹಚ್ಚಲಿಲ್ಲ. ಮೊಬೈಲಿನಲ್ಲಿ ಸೀರಿಯಲ್ ನಂಬರ್ ಒತ್ತಿ ನೋಡಿ, “ಹಳೇದಾಯ್ತು ಆಂಟಿ, ರಿಪೇರಿ ವೇಸ್ಟ್. ಹೊಸದು ತಗೊಳ್ಳಿ, ಎಕ್ಸ್‌ಚೇಂಜ್ ಆಫರ್ ಇದೆ” ಎಂದ. ನೋಡದೇ ಇದ್ದದ್ದಕ್ಕೆ 450 ರೂಪಾಯಿ ಪಡೆದು ಹೋದ.

ಅಮ್ಮ ಫೋನ್ ಮಾಡಿದಳು. “ನಿಮ್ಮಪ್ಪ ತಂದಿದ್ದು ಕಣೋ. ಕೊಟ್ಟುಬಿಡ್ಲಾ?”

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸ್ಕ್ರೂಡ್ರೈವರ್ ಹಿಡಿದರೆ ಅವನಿಗೆ ಸಿಗುವುದಕ್ಕಿಂತ ಹೊಸದನ್ನು ಮಾರಿಸಿದರೆ ಸಿಗುವುದು ಹೆಚ್ಚಿರಬೇಕು. ನನ್ನ ಜಗಳ ಇರುವುದು, ವಯಸ್ಸನ್ನೇ ರೋಗವೆಂದು ನಂಬಿಸುವ ವ್ಯಾಪಾರದ ಜೊತೆ. ನಾಡಿ ಹಿಡಿಯದೆ ಆಧಾರ್ ಕಾರ್ಡ್ ನೋಡಿ ಔಷಧಿ ಬರೆಯುವ ಡಾಕ್ಟರನ್ನು ನಾವು ಒಪ್ಪುತ್ತೇವೆಯೇ?

ಗೀಸರಿನೊಳಗೆ ಅಂಥ ಬ್ರಹ್ಮವಿದ್ಯೆಯೇನೂ ಇಲ್ಲ. ಒಂದು ಟ್ಯಾಂಕು, ನೀರು ಕಾಯಿಸುವ ಎಲಿಮೆಂಟು, ಥರ್ಮೋಸ್ಟಾಟು, ಕಾವು ಮಿತಿಮೀರಿದರೆ ಕರೆಂಟು ಕಡಿಯುವ ಕಟೌಟು, ಒತ್ತಡ ಬಿಡುವ ವಾಲ್ವು. ಜೊತೆಗೆ ಅನೇಕ ಗೀಸರುಗಳಲ್ಲಿ ಮೆಗ್ನೀಸಿಯಂ ಕಡ್ಡಿಯೊಂದು ಇರುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಎಂದು ತಾನು ಕರಗುವುದೇ ಅದರ ಕೆಲಸ. ಟ್ಯಾಂಕೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಬಿಚ್ಚಿ ಬದಲಾಯಿಸಬಹುದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಈ ಕಡ್ಡಿ ಬೇಗ ಸವೆಯುತ್ತದೆ, ಎಲಿಮೆಂಟಿಗೆ ಸುಣ್ಣ ಕಟ್ಟುತ್ತದೆ. ಇಷ್ಟು ವರ್ಷಗಳಲ್ಲಿ ನಮ್ಮನೆಗೆ ಬಂದುಹೋದ ಒಬ್ಬನೂ ಅಮ್ಮನಿಗೆ ಈ ಕಡ್ಡಿಯ ಸುದ್ದಿ ಹೇಳಿರಲಿಲ್ಲ. ಆರೈಕೆ ಹೇಳಿಕೊಡದೆ ಕೊನೆಗೆ ಆಯಸ್ಸು ಮುಗಿಯಿತೆನ್ನುವುದು ಯಾವ ನ್ಯಾಯ?

“ಹೊಸದು ಕರೆಂಟ್ ಉಳಿಸುತ್ತೆ” ಎಂಬ ಮಾತು ಬೇರೆ. ಲೆಕ್ಕ ಹಾಕೋಣ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ಸ್ಟಾರ್ ಐದಿರಲಿ, ಒಂದಿರಲಿ, ನೀರಿಗೆ ಬೇಕಾದ ಕಾವು ಅಷ್ಟೇ. ಆ ಸ್ಟಾರುಗಳು ಅಳೆಯುವುದು ಕಾದ ನೀರು ಟ್ಯಾಂಕಿನಲ್ಲಿ ನಿಂತಾಗ ಸೋರಿಹೋಗುವ ಶಾಖವನ್ನು. ದಿನವಿಡೀ ಗೀಸರ್ ಆನ್ ಇಡುವ ಮನೆಗೆ ಅದರಿಂದ ಲಾಭವಿದೆ. ಅಮ್ಮನಂತೆ ಬೆಳಿಗ್ಗೆ ಇಪ್ಪತ್ತು ನಿಮಿಷ ಹಾಕಿ, ಸ್ವಿಚ್ ಆರಿಸಿ ಸ್ನಾನಕ್ಕೆ ಹೋಗುವವರಿಗೆ ಉಳಿಯುವುದು ಚಿಲ್ಲರೆ.

ಇದನ್ನು ಹಳೆಯದರ ಮೋಹವೆಂದು ತಳ್ಳಿಹಾಕಬೇಡಿ. ನಮ್ಮ ಮನೆಯಲ್ಲಿ ಸೌದೆ ಒಟ್ಟುವ ತಾಮ್ರದ ಬಾಯ್ಲರ್ ಇತ್ತು. ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕಿಸಿದವನು ನಾನೇ. ಹೊಗೆಗೆ ಅಮ್ಮನ ಕಣ್ಣು ಉರಿಯುತ್ತಿದ್ದುದನ್ನು ಕಂಡವನಿಗೆ ಆ ಬಗ್ಗೆ ಪಶ್ಚಾತ್ತಾಪವಿಲ್ಲ. ಟ್ಯಾಂಕೇ ತೂತಾಗಿ ಸೋರುತ್ತಿದ್ದರೆ ಗೀಸರನ್ನು ಬದಲಿಸಲೇಬೇಕು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಹೊರಗೆ ಹಾಕಿಸಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಹೇಳಿ ಕೊಲ್ಲುವುದಿಲ್ಲ. ಆದರೆ ಆ ತೀರ್ಮಾನವೂ ಬಿಚ್ಚಿ ನೋಡಿದ ಮೇಲೆ ಬರಬೇಕು, ಸೀರಿಯಲ್ ನಂಬರಿನಿಂದಲ್ಲ.

ಕೊನೆಗೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಂದರು. ಬಿಚ್ಚಿದರು. ಎಲಿಮೆಂಟಿನ ಹೊರಕವಚ ಸೀಳಿತ್ತು. ತಳದಿಂದ ಒಂದು ಬೋಗುಣಿ ಸುಣ್ಣದ ಚಕ್ಕೆ ಹೊರಬಂತು. ಮೆಗ್ನೀಸಿಯಂ ಕಡ್ಡಿಯ ಜಾಗದಲ್ಲಿ ಬರೀ ತಂತಿ ಉಳಿದಿತ್ತು. ಟ್ಯಾಂಕು ಗಟ್ಟಿಯಾಗಿತ್ತು. ಆಮೇಲೆ ಅವರು ಸಾಕೆಟ್ಟನ್ನೂ ಬಿಚ್ಚಿ ಸುಮ್ಮನೆ ನನ್ನ ಮುಖ ನೋಡಿದರು. ಅರ್ತಿಂಗ್ ತಂತಿ ಕಳಚಿಕೊಂಡಿತ್ತು. ಸೀಳಿದ ಎಲಿಮೆಂಟು, ಅರ್ತಿಂಗ್ ಇಲ್ಲದ ಸಾಕೆಟ್ಟು, ಒಬ್ಬಳೇ ಇರುವ ಎಪ್ಪತ್ತಾರರ ಅಮ್ಮ. ಸ್ವಿಚ್ ಆರಿಸಿ ಸ್ನಾನಕ್ಕೆ ಹೋಗುವ ಅವಳ ಅಭ್ಯಾಸ ಅವಳನ್ನು ಕಾಯ್ದಿತ್ತು.

ಹುಡುಗನ ಮಾತು ಕೇಳಿದ್ದರೆ ಅದೇ ಸಾಕೆಟ್ಟಿಗೆ ಹೊಸ ಗೀಸರ್ ಬಂದು ಕೂರುತ್ತಿತ್ತು. ಬಾಕ್ಸು ಹೊಸದು, ವಾರಂಟಿ ಹೊಸದು, ಅಪಾಯ ಮಾತ್ರ ಹಳೆಯದು.

ರಿಪೇರಿ ಎಂದರೆ ಬರೀ ದುಡ್ಡು ಉಳಿಸುವ ಜಿಪುಣತನವಲ್ಲ, ಕಣ್ಣಿಟ್ಟು ನೋಡುವ ಕೆಲಸ. ‘ರೈಟ್ ಟು ರಿಪೇರ್’ ಎಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಹಕ್ಕು ನಮ್ಮ ಬಚ್ಚಲಿನ ಬಾಗಿಲಿಗೆ ಬರಬೇಕಾದರೆ ಮೂರು ಮಾತನ್ನು ನಾವೇ ಕೇಳಬೇಕು: ಬಿಚ್ಚಿ ತೋರಿಸಿ. ಕೆಟ್ಟ ಭಾಗ ಯಾವುದು ಬರೆದುಕೊಡಿ. ಅದರ ಬೆಲೆ ಎಷ್ಟು ಹೇಳಿ. ಇಷ್ಟಕ್ಕೂ ಉತ್ತರ ಕೊಡದವರಿಗೆ 450 ರೂಪಾಯಿ ಕೊಡಬೇಡಿ.

ನಮಗೆ ಖರ್ಚಾದದ್ದು, ಅರ್ತಿಂಗ್ ಸರಿಪಡಿಸಿದ್ದೂ ಸೇರಿ, 1,850 ರೂಪಾಯಿ. ಅಮ್ಮ ಎಲೆಕ್ಟ್ರಿಷಿಯನ್ನರಿಗೆ ಕಾಫಿ ಕೊಟ್ಟು, ಕಡ್ಡಿಯನ್ನು ಮತ್ತೆ ಯಾವಾಗ ನೋಡಬೇಕೆಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು.