ಫಿಸಿಯೋಥೆರಪಿ ಕಲಿಯಲು ಪರದೇಶಕ್ಕೆ ಹೊರಡುವ ನಮ್ಮ ಹೆಣ್ಣುಮಕ್ಕಳು

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ದಾದಿಯರಾಗಿ ಪರದೇಶಗಳಿಗೆ ಹೋಗಲಾರಂಭಿಸಿ ಬಹು ಕಾಲವಾಯಿತು. ಆ ದಾರಿಯಲ್ಲಿ ಹೋದ ಅಕ್ಕಂದಿರೂ ಚಿಕ್ಕಮ್ಮಂದಿರೂ ಬಹುತರ ಪ್ರತಿಯೊಂದು ಊರಲ್ಲಿರುವದರಿಂದ ಅದರ ಸುಖದುಃಖಗಳು ಎಲ್ಲರಿಗೂ ತಿಳಿದವೇ ಆಗಿವೆ. ಫಿಸಿಯೋಥೆರಪಿಯ ವಿಷಯವು ಹಾಗಲ್ಲ. ನಮ್ಮ ಶಾಲೆಯಿಂದ ಹೊರಟವರಲ್ಲಿ ಈ ವಿದ್ಯೆಯನ್ನು ಬಯಸುವವರು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದ್ದಾರೆ. ಅವರಲ್ಲಿ ಕೆಲವರು ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಗಳ ವಿಶ್ವವಿದ್ಯಾಲಯಗಳಿಗೂ ಅರ್ಜಿ ಹಾಕಿ, ಎರಡು ಮೂರು ಆಹ್ವಾನಪತ್ರಗಳನ್ನು ಪಡೆದು, ಯಾವದನ್ನು ಒಪ್ಪಬೇಕೆಂದು ತಿಳಿಯದೆ ತಂದೆತಾಯಿಗಳೊಡನೆ ನಮ್ಮಲ್ಲಿಗೆ ಬರುತ್ತಾರೆ. ಈ ಸಂಚಿಕೆಯನ್ನು ಓದುವ ಮನೆಗಳಿಗೆ ಇಂಥ ಪತ್ರಗಳು ಇನ್ನೂ ಬರಲಿರುವದರಿಂದ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುವದು ಯುಕ್ತವೆಂದು ತೋರಿತು.

ಮೊದಲು ಈ ವಿದ್ಯೆ ಯಾವದೆಂಬದನ್ನು ಹೇಳಬೇಕು, ಯಾಕಂದರೆ ಇದನ್ನು ಇನ್ನೂ ಎಣ್ಣೆ ಹಚ್ಚಿ ಮೈ ತಿಕ್ಕುವ ಕೆಲಸವೆಂದು ತಿಳಿದಿರುವ ಅಜ್ಜಂದಿರು ನಮ್ಮ ನೆರೆಯಲ್ಲಿ ಅನೇಕರಿದ್ದಾರೆ. ಅವರ ಮಾತು ಪೂರಾ ತಪ್ಪೂ ಅಲ್ಲ. 1894ನೇ ಇಸವಿಯಲ್ಲಿ ಲಂಡನಿನ ನಾಲ್ವರು ದಾದಿಯರು ಕೂಡಿಕೊಂಡು ಅಂಗಮರ್ದನದ ಕೆಲಸಕ್ಕೆ ಮಾನವನ್ನೂ ತರಬೇತನ್ನೂ ಕೊಡುವದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಅದೇ ಇಂದಿನ ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿಯಾಗಿ ಬೆಳೆದಿದೆ. ಯುದ್ಧಗಳಲ್ಲಿ ಗಾಯಗೊಂಡ ಸಿಪಾಯಿಗಳಿಂದಲೂ ಪೋಲಿಯೋ ರೋಗದಿಂದಲೂ ಈ ಶಾಸ್ತ್ರವು ವಿಸ್ತಾರವಾಯಿತು. ನಮ್ಮ ದೇಶದಲ್ಲಿ 1950ರ ದಶಕದ ಆರಂಭದಲ್ಲಿ, ಮುಂಬಯಿಯಲ್ಲಿ ಪೋಲಿಯೋ ಹಬ್ಬಿದ ಕಾಲಕ್ಕೆ, ಇದರ ಶಿಕ್ಷಣವು ಕ್ರಮವಾಗಿ ಆರಂಭವಾಯಿತು. ಪಾರ್ಶ್ವವಾಯು ಬಡಿದ ಮುದುಕಿಯನ್ನು ಮತ್ತೆ ನಿಲ್ಲಿಸುವದು, ಅಡಿಕೆಮರದಿಂದ ಬಿದ್ದು ಬೆನ್ನು ಮುರಿದವನಿಗೆ ಕುಳ್ಳಿರಲು ಕಲಿಸುವದು, ತಿಂಗಳು ತುಂಬದೆ ಹುಟ್ಟಿದ ಶಿಶುವಿನ ಶ್ವಾಸವನ್ನು ನೋಡಿಕೊಳ್ಳುವದು ಇವೆಲ್ಲವೂ ಈಗ ಇದರೊಳಗೆ ಸೇರಿವೆ. ಕೈಗೆ ಬಲವೂ ಮನಸ್ಸಿಗೆ ತಾಳ್ಮೆಯೂ ಬೇಕು. ಅಂಕಗಳು ಆಮೇಲಿನ ಮಾತು.

ಇನ್ನು ಆಹ್ವಾನಪತ್ರಗಳ ವಿಷಯ. ತಂದೆತಾಯಿಗಳು ಮೊದಲು ನೋಡುವದು ವಿಶ್ವವಿದ್ಯಾಲಯದ ಸ್ಥಾನವನ್ನು. ಲೋಕದಲ್ಲಿ ನೂರನೆಯದೋ ನಾನೂರನೆಯದೋ ಎಂಬದನ್ನು. ನಮ್ಮ ಅಭಿಪ್ರಾಯದಲ್ಲಿ ಇದು ನೋಡತಕ್ಕ ಕಡೇ ಸಂಗತಿ. ಆ ಪಟ್ಟಿಗಳು ಬಹುಮಟ್ಟಿಗೆ ಸಂಶೋಧನೆಯನ್ನೂ ಹೆಸರನ್ನೂ ತೂಗಿ ಮಾಡಿದವುಗಳು. ಹದಿನೆಂಟು ವರ್ಷದ ಹುಡುಗಿಗೆ ರೋಗಿಯ ಮೊಣಕಾಲನ್ನು ಹಿಡಿಯಲು ಯಾರು ಎಷ್ಟು ಚೆನ್ನಾಗಿ ಕಲಿಸುವರೆಂಬದು ಅವುಗಳಿಂದ ತಿಳಿಯದು. ಮೊದಲು ಕೇಳತಕ್ಕ ಪ್ರಶ್ನೆಯು ಬೇರೆ: ಈ ಪದವಿಯನ್ನು ಪಡೆದವಳ ಹೆಸರು ಆ ದೇಶದ ದಾಖಲೆಯಲ್ಲಿ ಏರುವದೋ ಇಲ್ಲವೋ?

ಇಂಗ್ಲೆಂಡಿನಲ್ಲಿ ಫಿಸಿಯೋಥೆರಪಿಸ್ಟ್ ಎಂಬ ಹೆಸರನ್ನು ಮನಸ್ಸು ಬಂದವರು ಇಟ್ಟುಕೊಳ್ಳಲು ಕಾನೂನು ಬಿಡುವದಿಲ್ಲ. ಎಚ್.ಸಿ.ಪಿ.ಸಿ. ಎಂಬ ಮಂಡಲಿಯ ದಾಖಲೆಯಲ್ಲಿರುವವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಆಸ್ಟ್ರೇಲಿಯದಲ್ಲಿ ಫಿಸಿಯೋಥೆರಪಿ ಬೋರ್ಡು, ಐರ್ಲೆಂಡಿನಲ್ಲಿ ಕೋರು ಎಂಬ ಸಂಸ್ಥೆ ಇದೇ ಅಧಿಕಾರವನ್ನು ನಡಿಸುತ್ತವೆ. ಆಯಾ ಮಂಡಲಿ ಒಪ್ಪಿದ ವ್ಯಾಸಂಗಗಳ ಪಟ್ಟಿಯು ಎಲ್ಲರೂ ನೋಡುವಂತೆ ಪ್ರಕಟವಾಗಿರುತ್ತದೆ. ಆಹ್ವಾನಪತ್ರದಲ್ಲಿರುವ ಪದವಿಯ ಹೆಸರನ್ನು ಅಕ್ಷರಕ್ಕಕ್ಷರ ಅದರೊಂದಿಗೆ ಹೋಲಿಸಬೇಕು. ವ್ಯಾಯಾಮಶಾಸ್ತ್ರ, ಕ್ರೀಡಾಚಿಕಿತ್ಸೆ, ಆರೋಗ್ಯವಿಜ್ಞಾನ ಎಂಬ ಪದವಿಗಳು ಫಿಸಿಯೋಥೆರಪಿಯ ಪದವಿಯಲ್ಲ. ಅವು ಕೆಟ್ಟವೆಂದು ನಾವು ಹೇಳುವದಿಲ್ಲ, ಆದರೆ ಅವುಗಳಿಂದ ಈ ಕೆಲಸಕ್ಕೆ ಬಾಗಿಲು ತೆರೆಯುವದಿಲ್ಲ.

ಒಬ್ಬ ಹಳೆಯ ವಿದ್ಯಾರ್ಥಿನಿಯು ತಂದ ಮೂರು ಪತ್ರಗಳಲ್ಲಿ ಹೀಗೆಯೇ ಇತ್ತು. ಒಂದು ಬಹಳ ಪ್ರಖ್ಯಾತ ವಿಶ್ವವಿದ್ಯಾಲಯದ್ದು, ಆದರೆ ವ್ಯಾಯಾಮಶಾಸ್ತ್ರಕ್ಕೆ. ಇನ್ನೊಂದು ಯಾರೂ ಹೆಸರು ಕೇಳದ ಊರಿನದು, ಒಪ್ಪಿಗೆ ಪಡೆದ ಫಿಸಿಯೋಥೆರಪಿಗೆ. ಮೂರನೆಯದು ನಮ್ಮ ಮಂಗಳೂರಿನದೇ. ತಂದೆಗೆ ಮೊದಲನೆಯದರ ಮೇಲೆ ಮನಸ್ಸು. “ಒಳಗೆ ಹೋದ ಮೇಲೆ ವಿಷಯ ಬದಲಾಯಿಸಬಹುದಂತೆ” ಎಂದರು. ಹಾಗೆ ಹೇಳಿದವರಾರೆಂದು ಕೇಳಿದರೆ ಏಜೆಂಟನು. ಅದನ್ನು ವಿಶ್ವವಿದ್ಯಾಲಯದವರೇ ಬರೆದು ಕೊಡಲಿ ಎಂದು ನಾವು ಹೇಳಿದೆವು. ಅವರು ಬರೆದು ಕೊಡಲಿಲ್ಲ. ಹುಡುಗಿಯು ಮಂಗಳೂರಿನ ಪತ್ರವನ್ನು ಒಪ್ಪಿದಳು.

ಪದವಿ ಮುಗಿಸಿದವರಿಗೂ ಇಂಥದೇ ಒಂದು ತೊಡಕುಂಟು. ಇಲ್ಲಿ ಬಿ.ಪಿ.ಟಿ. ಮಾಡಿದವಳು ಇಂಗ್ಲೆಂಡಿನಲ್ಲಿ ಉನ್ನತ ಫಿಸಿಯೋಥೆರಪಿಯ ಎಂ.ಎಸ್‌ಸಿ. ಮಾಡಿದ ಮಾತ್ರಕ್ಕೆ ಅಲ್ಲಿಯ ದಾಖಲೆಗೆ ಸೇರುವದಿಲ್ಲ. ಆಕೆಯು ತನ್ನ ಭಾರತದ ಪದವಿಯ ಆಧಾರದ ಮೇಲೆ ಬೇರೆಯೇ ಅರ್ಜಿ ಹಾಕಿ ಒಪ್ಪಿಸಿಕೊಳ್ಳಬೇಕು. ಅಮೇರಿಕದಲ್ಲಿ ಈ ಕೆಲಸದ ಮೊದಲ ಪದವಿಯೇ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ ಎಂಬದು; ಅದನ್ನು ಬೇರೊಂದು ಪದವಿಯಾದ ಮೇಲೆ ಸಾಧಾರಣವಾಗಿ ಮೂರು ವರ್ಷ ಕಲಿಯಬೇಕು. ಕೆನಡಾದಲ್ಲಿಯೂ ಮೊದಲ ಪ್ರವೇಶವು ಸ್ನಾತಕೋತ್ತರ ಮಟ್ಟದಲ್ಲಿಯೇ. ಆದುದರಿಂದ ಪಿ.ಯು.ಸಿ. ಆದೊಡನೆ ಆ ಎರಡು ದೇಶಗಳ ಕನಸು ಕಾಣುವವರು ಲೆಕ್ಕದಲ್ಲಿ ಇನ್ನೂ ನಾಲ್ಕು ವರ್ಷಗಳನ್ನು ಕೂಡಿಸಿಕೊಳ್ಳಲಿ.

ಎರಡನೆಯ ಪ್ರಶ್ನೆ ಹಣದ್ದು. ಇಲ್ಲಿ ನಮ್ಮ ಜನರು ಒಂದು ಮುಖ್ಯ ಸಂಗತಿಯನ್ನು ಮರೆಯುತ್ತಾರೆ. ಪರದೇಶದಲ್ಲಿ ವಾಣಿಜ್ಯವನ್ನೋ ಕಂಪ್ಯೂಟರನ್ನೋ ಕಲಿಯುವ ನೆರೆಮನೆಯ ಹುಡುಗನು ಸಂಜೆ ಅಂಗಡಿಯಲ್ಲಿ ದುಡಿದು ತನ್ನ ಊಟದ ಖರ್ಚನ್ನು ತೂಗಿಸಿಕೊಂಡದ್ದನ್ನು ನೋಡಿ, ನಮ್ಮ ಮಗಳೂ ಹಾಗೆ ಮಾಡುವಳೆಂದು ಎಣಿಸುತ್ತಾರೆ. ಫಿಸಿಯೋಥೆರಪಿಯ ವಿದ್ಯಾರ್ಥಿನಿಗೆ ಅದು ಬಹು ಕಷ್ಟ. ಇಂಗ್ಲೆಂಡಿನ ವ್ಯಾಸಂಗದಲ್ಲಿ ಸುಮಾರು ಸಾವಿರ ಗಂಟೆಗಳನ್ನು ಆಸ್ಪತ್ರೆಗಳಲ್ಲಿಯೂ ಚಿಕಿತ್ಸಾಲಯಗಳಲ್ಲಿಯೂ ಅಭ್ಯಾಸಕ್ಕಾಗಿ ಕಳೆಯಬೇಕು, ಅದಕ್ಕೆ ಸಂಬಳವಿಲ್ಲ. ಆ ವಾರಗಳಲ್ಲಿ ಅವಳು ಕೆಲಸದವರಂತೆಯೇ ಬೆಳಗಿನಿಂದ ಸಂಜೆಯ ವರೆಗೆ ನಿಂತಿರಬೇಕು, ಕೆಲವೊಮ್ಮೆ ದೂರದ ಊರಿಗೆ ಹೋಗಿ ಎರಡನೆಯ ಕೋಣೆಗೆ ಬಾಡಿಗೆ ಕೊಡಬೇಕು. ಹೊರಗಿನ ದುಡಿಮೆಗೆ ಕಾನೂನು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಳನ್ನು ಅಲ್ಲಿಯೂ, ಹದಿನೈದು ದಿನಕ್ಕೆ 48 ಗಂಟೆಗಳನ್ನು ಆಸ್ಟ್ರೇಲಿಯದಲ್ಲಿಯೂ ಬಿಟ್ಟಿದ್ದರೂ, ಅವಳ ಮೈಯಲ್ಲಿ ಅಷ್ಟು ಶಕ್ತಿ ಉಳಿದಿರಬೇಕಲ್ಲವೇ? ದುಡಿಮೆಯ ಹಣವನ್ನು ಸೊನ್ನೆಯೆಂದು ಹಿಡಿದು ಲೆಕ್ಕ ಹಾಕಿರಿ. ಆಗಲೂ ಲೆಕ್ಕ ಕೂಡಿದರೆ ಕಳುಹಿಸಿರಿ.

ಫೀಸಿನ ಹೊರಗೆ ಬರುವ ಖರ್ಚುಗಳು ಸಣ್ಣವಲ್ಲ. ಇಂಗ್ಲೆಂಡಿಗೆ ಹೋಗುವ ವಿದ್ಯಾರ್ಥಿಗೆ ಆರೋಗ್ಯದ ತೆರಿಗೆಯು 2024ರ ಫೆಬ್ರವರಿಯಿಂದ ವರ್ಷಕ್ಕೆ 776 ಪೌಂಡುಗಳಾಗಿವೆ. ಮೂರು ವರ್ಷಗಳದ್ದನ್ನು ವೀಸಾದೊಡನೆ ಒಮ್ಮೆಗೇ ಕಟ್ಟಬೇಕು. ಆಸ್ಟ್ರೇಲಿಯವು 2025ರ ಜುಲೈಯಿಂದ ವಿದ್ಯಾರ್ಥಿವೀಸಾಕ್ಕೆ 2,000 ಡಾಲರುಗಳನ್ನು ತೆಗೆದುಕೊಳ್ಳಲಾರಂಭಿಸಿತು. ಒಂದು ವರ್ಷದ ಜೀವನಕ್ಕೆ 29,710 ಡಾಲರುಗಳಿವೆಯೆಂದು ತೋರಿಸಬೇಕೆಂಬ ನಿಯಮವನ್ನೂ ಅದು 2024ರ ಮೇ ತಿಂಗಳಲ್ಲಿ ತಂದಿತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪರದೇಶದ ಸಾಲಕ್ಕೆ ಬಡ್ಡಿಯ ನೆರವನ್ನು ಕೊಡುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು ಕೇಂದ್ರ ಸರಕಾರವು 2022–23ರಿಂದ ನಿಲ್ಲಿಸಿತು. ಅದು ಇನ್ನೂ ಇದೆಯೆಂದು ನಂಬಿರುವ ಕುಟುಂಬಗಳನ್ನು ನಾವು ಕಂಡದ್ದರಿಂದ ಇದನ್ನು ಇಲ್ಲಿ ಬರೆದೆವು. ಉಳಿದದ್ದು ಬೇಂಕಿನ ಸಾಲ, ಸೊಸೈಟಿಯಲ್ಲಿ ಅಡವಿಟ್ಟ ಚಿನ್ನ, ಹಿತ್ತಿಲಿನ ಪತ್ರ. ಮಗಳ ವಿದ್ಯೆಗಾಗಿ ಚಿನ್ನವನ್ನು ಅಡವಿಡುವದರಲ್ಲಿ ನಾವು ಅವಮಾನವನ್ನು ಕಾಣುವದಿಲ್ಲ, ಮದುವೆಗಾಗಿ ಕೂಡಿಟ್ಟದ್ದಕ್ಕಿಂತ ಅದು ಉತ್ತಮವಾದ ಉಪಯೋಗವೆಂದೇ ಹೇಳುವೆವು. ಆದರೆ ತಂದೆತಾಯಿಗಳು ನಿದ್ರಿಸುವ ಮನೆಯನ್ನು ಅಡವಿಡುವದಕ್ಕೆ ಮುಂಚೆ, ಕೆಲಸ ಸಿಗುವದು ಒಂದು ವರ್ಷ ತಡವಾದರೆ ಕಂತನ್ನು ಕಟ್ಟುವವರು ಯಾರೆಂಬದನ್ನು ಊಟದ ಮೇಜಿನಲ್ಲಿ ಎಲ್ಲರೂ ಕೂತು ಮಾತಾಡಬೇಕು.

ಈ ತಡವು ಬರೇ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಪದವಿಯ ನಂತರ ಉಳಿಯಲು ಕೊಡುತ್ತಿದ್ದ ಎರಡು ವರ್ಷಗಳ ಅವಧಿಯನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳುಗಳಿಗೆ ಇಳಿಸಲಾಗಿದೆ. 2025ರಲ್ಲಿ ಅಲ್ಲಿಯ ಮಕ್ಕಳಿಗೇ ಮೊದಲ ಕೆಲಸವು ಸಿಗುವದು ಕಷ್ಟವಾಗಿ, ಮೇಲೆ ಹೇಳಿದ ಚಾರ್ಟರ್ಡ್ ಸೊಸೈಟಿಯೇ ಸರಕಾರಕ್ಕೆ ಮೊರೆಯಿಟ್ಟಿತು. ರೋಗಿಗಳು ಕಾಯುತ್ತಿದ್ದಾರೆ, ಕಲಿತವರೂ ಕಾಯುತ್ತಿದ್ದಾರೆ, ನಡುವೆ ಹಣವಿಲ್ಲ. ದೊಡ್ಡ ದೇಶಗಳಲ್ಲಿಯೂ ಹೀಗಾಗುವದೆಂದು ನಮ್ಮ ಜನರು ನಂಬುವದು ಕಠಿಣ.

ಹಾಗಾದರೆ ನಮ್ಮ ಸಲಹೆ ಏನು? ಸಾಧಾರಣ ವರಮಾನದ ಮನೆಯ ಹುಡುಗಿಗೆ, ತಾನು ಎಲ್ಲಿ ಬಾಳಬೇಕೆಂಬದು ಇನ್ನೂ ನಿಶ್ಚಯವಾಗದಿದ್ದರೆ, ಮೊದಲ ಪದವಿಯನ್ನು ಇಲ್ಲಿಯೇ ಪಡೆಯುವದು ಲೇಸು. ಈ ವಿದ್ಯೆಗೆ ನಮ್ಮ ಊರು ಬಡದಲ್ಲ. ವಾಮಂಜೂರಿನಲ್ಲಿ ಬಸ್ಸು ಹತ್ತಿದವಳು ಒಂದು ದಿಕ್ಕಿಗೆ ಹೋದರೆ ಮೂಡಬಿದಿರೆ, ಇನ್ನೊಂದು ದಿಕ್ಕಿಗೆ ಹೋಗಿ ಬಸ್ಸು ಬದಲಿಸಿದರೆ ಕಂಕನಾಡಿ, ನೇತ್ರಾವತಿಯ ಸೇತುವೆ ದಾಟಿದರೆ ದೇರಳಕಟ್ಟೆ. ಈ ಎಲ್ಲ ಕಡೆಗಳಲ್ಲಿಯೂ ಫಿಸಿಯೋಥೆರಪಿಯ ಕಾಲೇಜುಗಳಿವೆ. ಕಂಕನಾಡಿಯ ಆಸ್ಪತ್ರೆಯು 1880ರಲ್ಲಿ ಫಾದರ್ ಮುಲ್ಲರರು ಒಂದು ಮರದ ಕೆಳಗೆ ಔಷಧಿ ಹಂಚಲು ತೊಡಗಿದ್ದರಿಂದ ಬೆಳೆದದ್ದೆಂದು ನಮ್ಮ ಊರವರು ಹೇಳುತ್ತಾರೆ. ಬಿ.ಪಿ.ಟಿ. ವ್ಯಾಸಂಗವು ಬಹುಕಾಲ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷಗಳದ್ದಾಗಿತ್ತು. 2021ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ಆಯೋಗವು 2025ರಲ್ಲಿ ಹೊಸ ಪಠ್ಯಕ್ರಮವನ್ನು ಹೊರಡಿಸಿರುವದರಿಂದ, ಸೇರುವ ವರ್ಷದ ಅವಧಿಯನ್ನೂ ಪ್ರವೇಶದ ನಿಯಮವನ್ನೂ ಕಾಲೇಜಿನಲ್ಲಿಯೇ ವಿಚಾರಿಸುವದು ಕ್ಷೇಮ. ಪರದೇಶದಲ್ಲಿ ಕಲಿತು ಹಿಂದಿರುಗುವ ಮನಸ್ಸುಳ್ಳವರು ಕೂಡ ತಮ್ಮ ಪದವಿಗೆ ಈ ಕಾಯಿದೆಯ ದಾಖಲೆಯಲ್ಲಿ ಸ್ಥಾನ ಸಿಗುವದೋ ಎಂದು ಹೊರಡುವ ಮೊದಲೇ ಕೇಳಿಕೊಳ್ಳಲಿ.

ಇಲ್ಲಿ ಕಲಿಯುವದರಲ್ಲಿ ಇನ್ನೊಂದು ಲಾಭವಿದೆ. ತುಳುವಿನಲ್ಲಿ ನೋವನ್ನು ಹೇಳಿಕೊಳ್ಳುವ ಅಜ್ಜಿಗೆ ಕೊಂಕಣಿಯಲ್ಲಿ ಉತ್ತರ ಕೊಟ್ಟರೆ ಆಕೆಯು ಕಾಲೆತ್ತುವದಿಲ್ಲ. ತುಳು, ಕೊಂಕಣಿ, ಕನ್ನಡ, ಬ್ಯಾರಿ, ಮಲೆಯಾಳ ಇಷ್ಟು ಮಾತುಗಳು ಒಂದೇ ವಾರ್ಡಿನಲ್ಲಿ ಕೇಳುವ ಊರಿನಲ್ಲಿ ಬೆಳೆದವಳು, ರೋಗಿಯ ಮುಖವನ್ನು ನೋಡಿ ಅರ್ಥಮಾಡಿಕೊಳ್ಳುವದನ್ನು ಬೇಗ ಕಲಿಯುತ್ತಾಳೆ. ಆ ಕಲಿಕೆಯು ಮುಂದೆ ಯಾವ ದೇಶಕ್ಕೆ ಹೋದರೂ ಅವಳ ಸಂಗಡ ಹೋಗುವದು.

ವೇಲೂರಿನ ಡಾಕ್ಟರ್ ಮೇರಿ ವರ್ಗೀಸರನ್ನು ಇಲ್ಲಿ ನೆನೆಯುತ್ತೇವೆ. 1954ರಲ್ಲಿ ಮೋಟಾರು ಅಪಘಾತದಿಂದ ಅವರ ಸೊಂಟದ ಕೆಳಭಾಗವು ಶಕ್ತಿಹೀನವಾಯಿತು. ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಆ ಮಹಿಳೆಯು, ಅನಂತರ ಆಸ್ಟ್ರೇಲಿಯಕ್ಕೆ ಚಿಕಿತ್ಸೆಗಾಗಿಯೂ ನ್ಯೂಯಾರ್ಕಿಗೆ ವ್ಯಾಸಂಗಕ್ಕಾಗಿಯೂ ಹೋಗಿ ಬಂದು, 1966ರಲ್ಲಿ ವೇಲೂರಿನಲ್ಲಿ ಅಂಗವಿಕಲರ ಪುನರ್ವಸತಿಯ ಕೇಂದ್ರವು ತೆರೆಯುವದಕ್ಕೆ ಕಾರಣರಾದರು. ಅವರು ಪರದೇಶಕ್ಕೆ ಹೋದಾಗ ಯಾವ ರೋಗಿಗಳಿಗಾಗಿ ಏನನ್ನು ಕಲಿಯಬೇಕೆಂಬದು ಅವರಿಗೆ ತಿಳಿದಿತ್ತು. ಎರಡು ವರ್ಷ ಇಲ್ಲಿ ಕೆಲಸ ಮಾಡಿ ಆಮೇಲೆ ಹೊರಡುವವಳಿಗೆ ಇದೇ ಅನುಕೂಲವು ಒದಗುತ್ತದೆ.

ಇಷ್ಟು ಬರೆದ ಮೇಲೆ ನಮಗೊಂದು ಅಂಜಿಕೆಯುಂಟು. ನಮ್ಮ ಮಾತನ್ನೇ ನೆವಮಾಡಿಕೊಂಡು, “ಟೀಚರರೇ ಹೇಳಿದ್ದಾರೆ, ನೀನು ಇಲ್ಲೇ ಇರು” ಎಂದು ಮಗಳ ಬಾಯಿ ಮುಚ್ಚಿಸುವ ಮನೆಗಳಿವೆ. ಅಂಥವರೊಡನೆ ನಾವು ಕೇಳುವದು ಇದು: ಅವಳ ಅಣ್ಣನು ಜರ್ಮನಿಗೆ ಹೊರಟಾಗ ಇಷ್ಟು ಲೆಕ್ಕವನ್ನು ಹಾಕಿದ್ದಿರೋ? ಅವನಿಗೆ ಸಾಲ, ಅವಳಿಗೆ ಬುದ್ಧಿವಾದ ಎಂಬ ನ್ಯಾಯವನ್ನು ನಾವು ಒಪ್ಪೆವು. ಆ ದೇಶದಲ್ಲಿಯೇ ನೆಲಸಿ ದುಡಿಯುವ ನಿಶ್ಚಯವುಳ್ಳವಳೂ, ಇಂಗ್ಲಿಷಿನ ಪರೀಕ್ಷೆಯಲ್ಲಿ ಪ್ರತಿಯೊಂದು ಭಾಗಕ್ಕೂ ಬೇಕಾದಷ್ಟು ಅಂಕ ಪಡೆದವಳೂ, ಒಪ್ಪಿಗೆಯುಳ್ಳ ವ್ಯಾಸಂಗದ ಪತ್ರವನ್ನು ಕೈಯಲ್ಲಿ ಹಿಡಿದವಳೂ ಆದ ಹುಡುಗಿಯು ಮೊದಲ ಪದವಿಗೇ ಹೊರಡುವದು ಸರಿ. ಯಾಕಂದರೆ ಅಲ್ಲಿಯ ಪದವಿಯವಳಿಗೆ ಅಲ್ಲಿಯ ದಾಖಲೆಯ ಬಾಗಿಲು ನೇರವಾಗಿ ತೆರೆಯುವದು, ಇಲ್ಲಿಂದ ಹೋದವಳು ವರ್ಷಗಟ್ಟಲೆ ಕಾಗದಪತ್ರಗಳೊಡನೆ ಹೆಣಗಬೇಕಾದೀತು. ಅಂಥವಳು ಹೆಸರಾಂತ ಊರನ್ನು ಬಿಟ್ಟು, ಕೋಣೆಯ ಬಾಡಿಗೆ ಕಡಿಮೆಯಿರುವ ಸಣ್ಣ ಪಟ್ಟಣವನ್ನು ಆರಿಸಿಕೊಂಡರೆ ನಾವು ಮೆಚ್ಚುವೆವು. ತೀರ್ಮಾನವು ಅವಳದಾಗಿರಲಿ, ಲೆಕ್ಕವು ಎಲ್ಲರದಾಗಿರಲಿ.

ಏಜೆಂಟರ ಕುರಿತು ಎರಡು ಮಾತು. ಬಹುಮಂದಿ ಏಜೆಂಟರಿಗೆ ವಿಶ್ವವಿದ್ಯಾಲಯಗಳಿಂದಲೇ ಕಮಿಷನ್ ಸಿಗುತ್ತದೆ. ಆದಕಾರಣ ಅವರು ಉಚಿತವಾಗಿ ಕೊಡುವ ಸಲಹೆಯು ಯಾವ ಕಡೆಗೆ ವಾಲುವದೆಂದು ನಾವು ಬೇರೆ ಹೇಳಬೇಕಾಗಿಲ್ಲ. “ಶುಕ್ರವಾರದೊಳಗೆ ಡಿಪಾಜಿಟ್ ಕಟ್ಟದಿದ್ದರೆ ಸೀಟು ಹೋಗುವದು” ಎಂದು ಅವಸರಪಡಿಸಿದರೆ, ನೇರವಾಗಿ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಗೆ ಬರೆದು ಅವಧಿಯನ್ನು ಕೇಳಿರಿ. ಕೇಳಿದವರಿಗೆ ಅದು ಅನೇಕ ಸಲ ಸಿಗುತ್ತದೆ. ಪತ್ರವು ಷರತ್ತಿನದೋ ಷರತ್ತಿಲ್ಲದ್ದೋ ನೋಡಿರಿ. ವೀಸಾ ನಿರಾಕರಣೆಯಾದರೆ ಡಿಪಾಜಿಟ್ ಹಿಂದೆ ಬರುವದೋ, ಮನಸ್ಸು ಬದಲಾದರೆ ಎಷ್ಟು ಮುರಿದುಕೊಳ್ಳುವರು, ಎಷ್ಟು ದಿನಗಳಲ್ಲಿ ಕೊಡುವರು ಎಂಬದು ಸಾಮಾನ್ಯವಾಗಿ ಕಡೇ ಪುಟದ ಸಣ್ಣ ಅಕ್ಷರಗಳಲ್ಲಿರುತ್ತದೆ. ಆ ಪುಟವನ್ನು ಹಣ ಕಳುಹಿಸುವದಕ್ಕೆ ಮೊದಲು ಹುಡುಗಿಯೇ ಗಟ್ಟಿಯಾಗಿ ಓದಿ ಮನೆಯವರಿಗೆ ಕನ್ನಡದಲ್ಲಿ ತಿಳಿಸಲಿ.